ಫಿಟ್ಸ್ ಮಾತ್ರೆ ಊರಿಗೆ ಬಂದದ್ದು: ನಿಮ್ಹಾನ್ಸ್ ಮತ್ತು ಬಳ್ಳಾರಿ

ಬಳ್ಳಾರಿ ಅಂದರೆ ಗಣಿ, ಜೀನ್ಸ್ ಎನ್ನುವವರೇ ಜಾಸ್ತಿ. ಮನೋವೈದ್ಯರು ಮಾತ್ರ ‘ಬಳ್ಳಾರಿ ಮಾದರಿ’ಯ ಬಗ್ಗೆ ಮಾತಾಡುತ್ತಾರೆ. ಅದು ಮಾನಸಿಕ ಕಾಯಿಲೆಗೆ, ಫಿಟ್ಸ್‌ಗೆ (ಮೂರ್ಛೆರೋಗಕ್ಕೆ) ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗಲೆಂದು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ನಮ್ಮ ಜಿಲ್ಲೆಯಲ್ಲಿ ಮಾಡಿದ ಕೆಲಸ.

ನಿಮ್ಹಾನ್ಸ್ ಕಥೆ ಶುರುವಾಗುವುದು 1847ರ ಹುಚ್ಚಾಸ್ಪತ್ರೆಯಿಂದ. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಎಂದಾಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರ ಡಿಸೆಂಬರ್‌ನಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಮೊದಲ ನಿರ್ದೇಶಕ ಡಾ. ಆರ್. ಮಾರ್ತಾಂಡ ವರ್ಮಾ ಮಿದುಳಿನ ಆಪರೇಷನ್ ಮಾಡುವ ವೈದ್ಯರು. ಹೀಗೆ ಮಿದುಳು, ಮನಸ್ಸು ಎರಡರ ಚಿಕಿತ್ಸೆ, ಸಂಶೋಧನೆ ಒಂದೇ ಕಡೆ ಬೆಳೆಯಿತು. 1994ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನವೂ ಸಿಕ್ಕಿತು.

ಆದರೆ ಕೂಡ್ಲಿಗಿಯ ಹಳ್ಳಿಯವನಿಗೆ ಇದರಿಂದೇನು? ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುವುದು, ಗಾಳಿ ಬಡಿದಿದೆ ಅಂತ ಉಕ್ಕಡಗಾತ್ರಿಯ ದೇವಸ್ಥಾನಕ್ಕೆ ಕರೆದೊಯ್ಯುವುದು ರೂಢಿ. ದೇವರಿಗೆ ಹೋಗಲಿ, ತಪ್ಪೇನಿಲ್ಲ. ಆದರೆ ಮಾತ್ರೆ ಎಲ್ಲಿ ಸಿಗಬೇಕು? ಪ್ರತಿ ತಿಂಗಳು ಬೆಂಗಳೂರಿಗೆ ಹೋಗಿ ಬರುವುದು ಕೂಲಿಯವರಿಗೆ ಆಗದ ಮಾತು.

ನಿಮ್ಹಾನ್ಸ್‌ನವರು ಮೊದಲು ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಹಳ್ಳಿ ಚಿಕಿತ್ಸೆಯ ಪ್ರಯೋಗ ಮಾಡಿದರು. 1985ರಲ್ಲಿ ಅದನ್ನೇ ಇಡೀ ಬಳ್ಳಾರಿ ಜಿಲ್ಲೆಗೆ ತಂದರು. ಆಗ ಹೊಸಪೇಟೆ, ಕೂಡ್ಲಿಗಿ ಎಲ್ಲ ಈ ಜಿಲ್ಲೆಯಲ್ಲೇ ಇದ್ದವು. ಉಪಾಯ ಸರಳ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕೆಲವು ದಿನ ತರಬೇತಿ. ಮನೆಮನೆಗೆ ಹೋಗುವ ಆರೋಗ್ಯ ಸಿಬ್ಬಂದಿಗೆ ಕಾಯಿಲೆ ಗುರುತಿಸುವ ಪಾಠ. ಕೇಂದ್ರದಲ್ಲಿ ಕೆಲವೇ ಬಗೆಯ ಅಗ್ಗದ ಔಷಧಿ. ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ಒಂದು ಸಣ್ಣ ತಂಡ. ಮೂರ್ಛೆರೋಗದ ಮಾತ್ರೆ ದಿನವೂ ನುಂಗಬೇಕು, ಬಿಟ್ಟರೆ ಫಿಟ್ಸ್ ಮತ್ತೆ ಬರಬಹುದು. ಹಾಗಾಗಿ ಔಷಧಿ ತಪ್ಪದೆ ಸಿಗುವುದೇ ಇಲ್ಲಿ ಅರ್ಧ ಚಿಕಿತ್ಸೆ.

ಐದು ವರ್ಷದ ಈ ಕೆಲಸವನ್ನೇ ಆಧಾರವಾಗಿಟ್ಟು ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಮೊದಲು ನಾಲ್ಕು ಜಿಲ್ಲೆ, ಆಮೇಲೆ ದೇಶದ ತುಂಬ. ಹರಡುವಾಗ ಅದು ತೆಳುವಾಯಿತು ಅನ್ನುವುದು ನನ್ನ ಅನಿಸಿಕೆ. ಎಷ್ಟೋ ಕಡೆ ಜಿಲ್ಲಾ ತಂಡ ಬಂದು ಕ್ಯಾಂಪ್ ಮಾಡಿ ಹೋಗುತ್ತದೆ. ಊರ ಆಸ್ಪತ್ರೆಯ ವೈದ್ಯರು ಸುಮ್ನೆ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಈಗ ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮದ ಹೆಸರಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುತ್ತಾರೆ. ಒಳ್ಳೆಯದೇ. ಆದರೆ 1985ರಲ್ಲಿ ಬಳ್ಳಾರಿಯಲ್ಲಿ ಇದು ತಾಲ್ಲೂಕು ದಾಟಿ ಹಳ್ಳಿ ಕಡೆಯ ಆರೋಗ್ಯ ಕೇಂದ್ರದ ತನಕ ಹೋಗಿತ್ತು.