ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳು

ಕಾಲೇಜಿನಲ್ಲಿ ಮನೋವಿಜ್ಞಾನ ಓದಿದವರಿಗೆ ಕನ್ನಡಿ ಚಿತ್ರಣದ ಪ್ರಯೋಗ ನೆನಪಿರುತ್ತದೆ. ಒಂದು ಮರದ ಹಲಗೆ, ಅದರ ಅಂಚಿಗೆ ನಿಲ್ಲಿಸಿದ ಕನ್ನಡಿ, ಕೈ ನೇರವಾಗಿ ಕಾಣದಂತೆ ಅಡ್ಡ ಹಿಡಿದ ತಗಡು. ಹಲಗೆಯ ಮೇಲೆ ಜೋಡಿಗೆರೆಯ ನಕ್ಷತ್ರ ಅಚ್ಚಾದ ಹಾಳೆ. ಕನ್ನಡಿಯಲ್ಲಿ ಮಾತ್ರ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೇಲಕ್ಕೆ ಒಯ್ಯಬೇಕೆಂದರೆ ಕೈ ಕೆಳಕ್ಕೆ ಎಳೆಯುತ್ತದೆ. ನಕ್ಷತ್ರದ ಮೂಲೆಗೆ ಬಂದರಂತೂ ಪೆನ್ಸಿಲ್ ಅಲ್ಲೇ ಗಿರಕಿ ಹೊಡೆಯುತ್ತದೆ. ಹತ್ತು ಸಲ ಮಾಡುವಷ್ಟರಲ್ಲಿ ಕೈ ಪಳಗಿ ತಪ್ಪು ಕಡಿಮೆಯಾಗುತ್ತದೆ. ಪಠ್ಯಪುಸ್ತಕ ಹಾಗೆ ಹೇಳುತ್ತದೆ, ಮಕ್ಕಳ ರೆಕಾರ್ಡ್ ಪುಸ್ತಕಗಳೂ ತಪ್ಪದೆ ಹಾಗೆಯೇ ಹೇಳುತ್ತವೆ.

ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಈ ಪ್ರಯೋಗದ ತಪ್ಪುಗಳನ್ನು ಎಣಿಸುತ್ತಿದ್ದಳು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಮೊದಲ ಹಾಳೆಯಲ್ಲಿ ಪೆನ್ಸಿಲ್ ಗೆರೆಗೆ ತಾಗಿದ ಕಡೆಯಲ್ಲೆಲ್ಲ ಕೆಂಪು ಶಾಯಿಯ ಗುರುತು ಬಿದ್ದಿತ್ತು. ಎಂಟನೆಯ ಹಾಳೆಯಲ್ಲಿ ಅದೇ ರೀತಿ ತಾಗಿದ ಮೂರು ಕಡೆ ಅವಳ ಪೆನ್ನು ನಿಲ್ಲದೆ ಮುಂದೆ ಸಾಗಿತು. “ಇಲ್ಲಿ?” ಎಂದು ಬೆರಳಿಟ್ಟೆ. “ಅದು ಸುಮ್ಮನೆ ತಾಗಿದೆ ಸರ್, ಗೆರೆ ದಾಟಿಲ್ಲ” ಎಂದಳು. ಮೊದಲ ಹಾಳೆಯನ್ನು ಪಕ್ಕಕ್ಕಿಟ್ಟೆ. ಎರಡನ್ನೂ ನೋಡಿದಳು, ಮುಖ ಕೆಂಪಾಯಿತು. ಅವಳೇನೂ ಸುಳ್ಳು ಬರೆಯಲು ಹೊರಟಿರಲಿಲ್ಲ. ಎಂಟನೆಯ ಹಾಳೆಯಲ್ಲಿ ತಪ್ಪು ಕಡಿಮೆ ಇರಬೇಕೆಂದು ಅವಳಿಗೆ ಗೊತ್ತಿತ್ತು, ಅಷ್ಟೇ. ಎಣಿಕೆಯ ನಿಯಮ ನಡುವೆ ಎಲ್ಲೋ ಸಡಿಲವಾದದ್ದು ಅವಳ ಅರಿವಿಗೇ ಬಂದಿರಲಿಲ್ಲ.

ಸಂಶೋಧನಾ ವಿಧಾನದ ಪಾಠದಲ್ಲಿ ನಾವು ‘ಸಿಂಧುತ್ವ’ ಎನ್ನುವುದು ಇದರ ಬಗ್ಗೆಯೇ. ಬಿ.ಎಡ್. ಪುಸ್ತಕಗಳಲ್ಲಿ ಇದನ್ನು ‘ಸಪ್ರಮಾಣತೆ’ ಎಂದೂ ಬರೆಯುತ್ತಾರೆ. ಸಿಂಧು, ಅಸಿಂಧು ಎಂಬ ಮಾತು ನಮಗೆ ಮತಪತ್ರಗಳ ಕಾಲದಿಂದ ಪರಿಚಿತ: ಮುದ್ರೆ ಎರಡು ಚಿಹ್ನೆಗಳ ನಡುವೆ ಬಿದ್ದರೆ ಮತ ಅಸಿಂಧು. ಇದರಿಂದಾಗಿ ವಿದ್ಯಾರ್ಥಿಗಳು ಪರೀಕ್ಷಾ ಸಾಧನಕ್ಕೂ ಒಂದು ಮುದ್ರೆ ಬಿದ್ದರೆ ಮುಗಿಯಿತು ಎಂದುಕೊಳ್ಳುತ್ತಾರೆ. “ಈ ಪ್ರಶ್ನಾವಳಿ ಸಿಂಧುವಾಗಿದೆ” ಎಂದು ಪ್ರಬಂಧದಲ್ಲಿ ಒಂದು ಸಾಲು ಬರೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ನನ್ನನ್ನು ಕೇಳಿದರೆ ಸಿಂಧುವಾಗಬೇಕಾದದ್ದು ಸಾಧನವಲ್ಲ, ಅದರ ಬಲದ ಮೇಲೆ ನೀವು ಆಡುವ ಮಾತು. ‘ಅಭ್ಯಾಸದಿಂದ ತಪ್ಪು ಕಡಿಮೆಯಾಯಿತು’ ಎಂಬ ಮಾತಿಗೆ ಹಾಳೆಯಲ್ಲಿರುವ ಅಂಕಿ ಸಾಕ್ಷಿಯೋ, ಅಥವಾ ಎಣಿಸಿದವಳ ನಿರೀಕ್ಷೆಗೆ ಸಾಕ್ಷಿಯೋ? ಆಂತರಿಕ ಸಿಂಧುತ್ವದ ಪ್ರಶ್ನೆ ಇಷ್ಟೇ. ಅದಕ್ಕೆ ಉತ್ತರ ಹುಡುಕುವಾಗ ನಾನು ಮೊದಲು ಕೇಳುವುದು ಅಂಕಿಅಂಶದ ಸೂತ್ರವನ್ನಲ್ಲ. ಯಾರಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಿತ್ತು ಎಂದು ಕೇಳುತ್ತೇನೆ.

ಈ ಪ್ರಶ್ನೆ ಹುಟ್ಟಿದ್ದು ಒಂದು ಕುದುರೆಯಿಂದ ಎನ್ನಬಹುದು. ಬರ್ಲಿನ್ನಿನಲ್ಲಿ ನಿವೃತ್ತ ಗಣಿತ ಶಿಕ್ಷಕ ವಿಲ್ಹೆಲ್ಮ್ ಫಾನ್ ಓಸ್ಟನ್ ತಮ್ಮ ಹ್ಯಾನ್ಸ್ ಎಂಬ ಕುದುರೆಗೆ ಲೆಕ್ಕ ಕಲಿಸಿದ್ದರು. ಪ್ರಶ್ನೆ ಕೇಳಿದರೆ ಅದು ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. 1904ರಲ್ಲಿ ಮನೋವಿಜ್ಞಾನಿ ಕಾರ್ಲ್ ಸ್ಟುಂಫ್ ಮುಂದಾಳುತನದ ಸಮಿತಿ ಪರೀಕ್ಷಿಸಿ, ಇದರಲ್ಲಿ ಮೋಸವಿಲ್ಲ ಎಂದಿತು. ನಿಜಕ್ಕೂ ಇರಲಿಲ್ಲ. ಆಮೇಲೆ ಸ್ಟುಂಫ್ ಅವರ ಶಿಷ್ಯ ಓಸ್ಕರ್ ಫುಂಗ್ಸ್ಟ್ ಒಂದು ಸರಳ ಬದಲಾವಣೆ ಮಾಡಿದರು: ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿಲ್ಲದಂತೆ ಏರ್ಪಡಿಸಿದರು. ಕುದುರೆಯ ಜಾಣತನ ಅಲ್ಲಿಗೆ ಮುಗಿಯಿತು. ಪ್ರಶ್ನೆ ಕೇಳಿದವರು ಗೊರಸು ನೋಡಲು ಸ್ವಲ್ಪ ಬಾಗುತ್ತಿದ್ದರು, ಸರಿಯಾದ ಎಣಿಕೆ ಬಂದೊಡನೆ ಅವರ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಹ್ಯಾನ್ಸ್ ಓದುತ್ತಿದ್ದದ್ದು ಅದನ್ನು. ಗುಟ್ಟು ತಿಳಿದ ಮೇಲೂ ಫುಂಗ್ಸ್ಟ್‌ಗೆ ತಮ್ಮ ತಲೆಯ ಆ ಚಲನೆಯನ್ನು ತಡೆಯುವುದು ಸುಲಭವಾಗಲಿಲ್ಲ. ಓಸ್ಟನ್ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಕುದುರೆಯ ಕಥೆಯನ್ನು ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ, ಮಕ್ಕಳು ನಗುತ್ತಾರೆ. ನನಗೆ ಅದಕ್ಕಿಂತ ಮನೋವಿಜ್ಞಾನಿ ರಾಬರ್ಟ್ ರೋಸೆಂತಾಲ್ ಅವರ ಕಥೆ ಹೆಚ್ಚು ಹತ್ತಿರ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಮ್ಮದೇ ಡಾಕ್ಟರೇಟ್ ಪ್ರಬಂಧಕ್ಕಾಗಿ ಅವರು, ಅಗತ್ಯವಿಲ್ಲದಿದ್ದರೂ, ಒಂದು ಹೆಚ್ಚಿನ ವಿಶ್ಲೇಷಣೆ ಮಾಡಿ ನೋಡಿದರು. ಪ್ರಯೋಗದ ಮುಖ್ಯ ಭಾಗ ಆರಂಭವಾಗುವ ಮೊದಲೇ ಗುಂಪುಗಳ ನಡುವೆ ವ್ಯತ್ಯಾಸವಿತ್ತು, ಅದೂ ಅವರ ಊಹೆಗೆ ಅನುಕೂಲವಾಗುವಂತೆ! ಸೂಚನೆ ಕೊಡುವಾಗ ತಾವೇ ಏನನ್ನೋ ದಾಟಿಸಿಬಿಟ್ಟಿದ್ದೇನೆ ಎಂದು ಅವರಿಗೆ ಹೊಳೆಯಿತು. ಬೇರೆಯವರಾಗಿದ್ದರೆ ಆ ಕೋಷ್ಟಕವನ್ನು ಮಡಚಿ ಇಡುತ್ತಿದ್ದರು. ಅವರು ಜೀವನಪೂರ್ತಿ ಅದರ ಬೆನ್ನು ಹತ್ತಿದರು. 1963ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹನ್ನೆರಡು ವಿದ್ಯಾರ್ಥಿಗಳಿಗೆ ತಲಾ ಐದು ಇಲಿ ಕೊಟ್ಟು, ಅರ್ಧ ಜನರಿಗೆ ‘ಚುರುಕು ತಳಿ’, ಉಳಿದವರಿಗೆ ‘ದಡ್ಡ ತಳಿ’ ಎಂದು ಹೇಳಲಾಯಿತು. ಇಲಿಗಳೆಲ್ಲ ಒಂದೇ ತಳಿಯವು. ಆದರೂ ‘ಚುರುಕು’ ಇಲಿಗಳೇ ಕವಲುದಾರಿಯ ಪೆಟ್ಟಿಗೆಯಲ್ಲಿ ದಾರಿಯನ್ನು ಚೆನ್ನಾಗಿ ಕಲಿತವೆಂದು ವರದಿಯಾಯಿತು.

ಇಷ್ಟೆಲ್ಲ ಗೊತ್ತಿದ್ದೂ ಮೂರು ದಶಕಗಳ ನಂತರ ನಮ್ಮ ಶಾಸ್ತ್ರ ಅದೇ ಕಾರಿಡಾರಿನಲ್ಲಿ ಎಡವಿತು. ಕಾರಿಡಾರ್ ಎಂದದ್ದು ಅಲಂಕಾರಕ್ಕಲ್ಲ.

1996ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಜಾನ್ ಬಾರ್ಗ್ ಮತ್ತು ಸಂಗಡಿಗರು 30 ವಿದ್ಯಾರ್ಥಿಗಳಿಗೆ ಕಲಸಿದ ಪದಗಳನ್ನು ಕೊಟ್ಟು ವಾಕ್ಯ ಮಾಡಲು ಹೇಳಿದರು. ಅರ್ಧ ಜನರ ಪದಗಳಲ್ಲಿ ಮುಪ್ಪನ್ನು ನೆನಪಿಸುವವು ಸೇರಿದ್ದವು: ಸುಕ್ಕು, ಬಿಂಗೊ, ಫ್ಲೋರಿಡಾ. ಅಮೆರಿಕದಲ್ಲಿ ವಯಸ್ಸಾದವರು ಹೆಚ್ಚಾಗಿ ಆಡುವ ಆಟ ಬಿಂಗೊ, ನಿವೃತ್ತರು ಹೋಗಿ ನೆಲೆಸುವ ರಾಜ್ಯ ಫ್ಲೋರಿಡಾ. ‘ನಿಧಾನ’ ಎಂಬ ಅರ್ಥದ ಪದಗಳನ್ನು ಬೇಕೆಂದೇ ಬಿಟ್ಟಿದ್ದರು. ಕೆಲಸ ಮುಗಿಸಿ ಹೊರಟವರು 9.75 ಮೀಟರ್ ಕಾರಿಡಾರನ್ನು ಎಷ್ಟು ಹೊತ್ತಿನಲ್ಲಿ ದಾಟುತ್ತಾರೆಂದು ಅಲ್ಲಿ ಕುಳಿತ ಒಬ್ಬರು ಗುಟ್ಟಾಗಿ ಸ್ಟಾಪ್‌ವಾಚ್ ಒತ್ತಿ ಅಳೆದರು. ಸಾಮಾನ್ಯ ಪದ ಓದಿದವರಿಗೆ ಸರಾಸರಿ 7.30 ಸೆಕೆಂಡು, ಮುಪ್ಪಿನ ಪದ ಓದಿದವರಿಗೆ 8.28 ಸೆಕೆಂಡು. ಇನ್ನೂ 30 ಜನರೊಂದಿಗೆ ಮಾಡಿದಾಗಲೂ ಹಾಗೆಯೇ ಬಂತು. ಓದಿದ ಪದ ಗೊತ್ತಿಲ್ಲದೆ ಕಾಲಿಗಿಳಿಯುತ್ತದೆ ಎಂದರೆ ಯಾರಿಗೆ ಇಷ್ಟವಾಗುವುದಿಲ್ಲ? ನಾನೂ ಹಲವು ವರ್ಷ ಇದನ್ನು ಬಾಯಿ ತುಂಬ ಪಾಠ ಮಾಡಿದ್ದೇನೆ.

2012ರಲ್ಲಿ ಬ್ರಸೆಲ್ಸ್‌ನಲ್ಲಿ ಸ್ಟೆಫಾನ್ ಡುವಾಯೆನ್ ಮತ್ತು ಜೊತೆಗಾರರು 120 ಜನರೊಂದಿಗೆ ಇದನ್ನೇ ಮಾಡಿದರು. ಸ್ಟಾಪ್‌ವಾಚ್ ಬದಲು ಕಾರಿಡಾರಿಗೆ ಅತಿಗೆಂಪು ಕಿರಣದ ಸಂವೇದಕ ಅಳವಡಿಸಿದರು. ವ್ಯತ್ಯಾಸ ಕಾಣಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಅದು ಇನ್ನೊಂದು ವಿಫಲ ಪುನರಾವರ್ತನೆ ಎನಿಸಿಕೊಳ್ಳುತ್ತಿತ್ತು. ಅವರ ಎರಡನೆಯ ಪ್ರಯೋಗವನ್ನು ನಾನು ಪ್ರತಿ ತಂಡಕ್ಕೂ ಹಲಗೆಯ ಮೇಲೆ ಬರೆದು ವಿವರಿಸುತ್ತೇನೆ. ಈ ಸಲ ಪರೀಕ್ಷೆಗೆ ಒಳಗಾದವರಲ್ಲಿ ಹತ್ತು ಮಂದಿ ಪ್ರಯೋಗಕರ್ತರೂ ಇದ್ದರು. ಮುಪ್ಪಿನ ಪದ ಓದಿದವರು ನಿಧಾನವಾಗಿ ನಡೆಯುತ್ತಾರೆ ಎಂದು ಐವರನ್ನು, ಬೇಗ ನಡೆಯುತ್ತಾರೆ ಎಂದು ಇನ್ನೈವರನ್ನು ನಂಬಿಸಿದರು. ಕೈಯಲ್ಲಿ ಸ್ಟಾಪ್‌ವಾಚ್ ಕೊಟ್ಟರು, ಸಂವೇದಕವನ್ನೂ ಚಾಲೂ ಇಟ್ಟರು.

‘ಬೇಗ’ ಎಂದು ನಂಬಿದವರ ಸ್ಟಾಪ್‌ವಾಚ್ ಬೇಗ ಎಂದಿತು. ಸಂವೇದಕ ಹಾಗೆ ಹೇಳಲಿಲ್ಲ. ಇಲ್ಲಿ ತಪ್ಪಿದ್ದು ಹೆಬ್ಬೆರಳು. ‘ನಿಧಾನ’ ಎಂದು ನಂಬಿದವರ ಕಡೆ ವಿಷಯ ಬೇರೆ: ಅಲ್ಲಿ ಸಂವೇದಕವೂ ನಿಧಾನ ಎಂದೇ ದಾಖಲಿಸಿತು. ಅಂದರೆ ಜನ ನಿಜವಾಗಿಯೂ ನಿಧಾನವಾಗಿ ನಡೆದಿದ್ದರು. ಪ್ರಯೋಗಕರ್ತರ ಮಾತಿನ ಧಾಟಿಯೋ, ನಿಂತ ಭಂಗಿಯೋ, ಬಾಗಿಲು ತೆರೆದ ರೀತಿಯೋ, ಏನೋ ಒಂದು ಅವರಿಗೆ ದಾಟಿತ್ತು. ಹೆಬ್ಬೆರಳಿನ ದೋಷಕ್ಕೆ ಯಂತ್ರ ತಂದರೆ ಪರಿಹಾರವಾಗುತ್ತದೆ. ಎರಡನೆಯದಕ್ಕೆ ಎಷ್ಟು ದುಬಾರಿ ಯಂತ್ರ ತಂದರೂ ಆಗುವುದಿಲ್ಲ, ಏಕೆಂದರೆ ಯಂತ್ರ ಅಳೆದದ್ದು ಸರಿಯಾಗಿಯೇ ಇದೆ. ‘ಪದದಿಂದ ಹೀಗಾಯಿತು’ ಎಂಬ ನಮ್ಮ ಮಾತು ಮಾತ್ರ ಅಸಿಂಧು. ಸಾಫ್ಟ್‌ವೇರ್ ಕೊಂಡುಬಿಟ್ಟರೆ ಸಿಂಧುತ್ವ ಬಂತೆಂದು ನಂಬುವ ವಿಭಾಗಗಳಿಗೆ ಇದನ್ನು ಎಷ್ಟು ಹೇಳಿದರೂ ಕಡಿಮೆ.

ಬಾರ್ಗ್ ಇದನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ತಮ್ಮ ಪ್ರಯೋಗದಲ್ಲಿ ಯಾರು ಯಾವ ಗುಂಪಿನವರೆಂದು ಸಮಯ ಅಳೆದವರಿಗೆ ತಿಳಿದಿರಲಿಲ್ಲ ಎಂಬುದು ಅವರ ವಾದ. ಆದರೆ ಆ ಹೊತ್ತಿಗೆ ಗಾಳಿ ಬದಲಾಗಿತ್ತು. 2015ರಲ್ಲಿ ನೂರು ಪ್ರಕಟಿತ ಅಧ್ಯಯನಗಳನ್ನು ಪುನಃ ಮಾಡಿ ನೋಡಿದ ದೊಡ್ಡ ತಂಡವೊಂದಕ್ಕೆ ಕಂಡದ್ದು ಇದು: ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳಲ್ಲಿ ಸಾರ್ಥಕ (ಬರಿಯ ಆಕಸ್ಮಿಕವೆಂದು ತಳ್ಳಿಹಾಕಲಾಗದ) ಫಲಿತಾಂಶ ಬಂದಿತ್ತು, ಪುನರಾವರ್ತನೆಯಲ್ಲಿ ಬಂದದ್ದು ಶೇ 36ರಲ್ಲಿ. ಇದಕ್ಕೆ ಸಣ್ಣ ಮಾದರಿ, ಬೇಕಾದ ವಿಶ್ಲೇಷಣೆಯನ್ನಷ್ಟೇ ಆರಿಸಿಕೊಳ್ಳುವುದು, ವ್ಯತ್ಯಾಸ ಕಾಣದ ‘ಸೊನ್ನೆ’ ಫಲಿತಾಂಶಗಳನ್ನು ಪತ್ರಿಕೆಗಳು ಮುಟ್ಟದಿರುವುದು ಹೀಗೆ ಕಾರಣಗಳು ಹಲವು. ಅದು ಇನ್ನೊಂದು ಅಂಕಣದ ವಿಷಯ.

ನಮ್ಮ ತರಗತಿಗಳಲ್ಲಿ ಇನ್ನೊಂದು ತೊಡಕಿದೆ. ನಮ್ಮ ಬಹುಪಾಲು ಪ್ರಯೋಗಗಳಿಗೆ ಬರುವವರು ನಮ್ಮದೇ ವಿದ್ಯಾರ್ಥಿಗಳು. ಮೇಷ್ಟ್ರು ಕೇಳಿದ್ದಾರೆಂದರೆ ಇಲ್ಲ ಎನ್ನುವ ಅಭ್ಯಾಸ ಅವರಿಗಿಲ್ಲ. ಇದು ನಮ್ಮಲ್ಲಿ ಮಾತ್ರ ಎಂದು ನಾನು ಬಹುಕಾಲ ಅಂದುಕೊಂಡಿದ್ದೆ. ಆದರೆ ಮನೋವಿಜ್ಞಾನಿ ಮಾರ್ಟಿನ್ ಆರ್ನ್ 1962ರಲ್ಲಿ ಬರೆದ ಲೇಖನದಲ್ಲಿ ಅಮೆರಿಕದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಆರ್ನ್ ಬೇಕೆಂದೇ ಅರ್ಥವಿಲ್ಲದ ಕೆಲಸ ಹುಡುಕಿದರು: ಒಂದೊಂದರಲ್ಲೂ 224 ಕೂಡುವ ಲೆಕ್ಕವಿರುವ ಎರಡು ಸಾವಿರ ಹಾಳೆ. ಬಂದವರ ಕೈಗಡಿಯಾರ ತೆಗೆದಿಟ್ಟುಕೊಂಡು, ಮಾಡುತ್ತಿರಿ, ಆಮೇಲೆ ಬರುತ್ತೇನೆ ಎಂದು ಹೊರಟರು. ಐದೂವರೆ ಗಂಟೆಯಾದರೂ ಜನ ಕೂಡುತ್ತಲೇ ಇದ್ದರು, ಸೋತವರು ಪ್ರಯೋಗಕರ್ತರು. ಮುಂದಿನ ಸಲ, ಮುಗಿಸಿದ ಪ್ರತಿ ಹಾಳೆಯನ್ನೂ 32 ಚೂರುಗಳಿಗೆ ಕಡಿಮೆಯಿಲ್ಲದಂತೆ ಹರಿದು ಹಾಕಿ ಮುಂದಿನದನ್ನು ತೆಗೆದುಕೊಳ್ಳಿ ಎಂದರು. ಅದನ್ನೂ ಗಂಟೆಗಟ್ಟಲೆ ಮಾಡಿದರು. ಕೇಳಿದರೆ, ಇದು ಸಹನೆಯ ಪರೀಕ್ಷೆ ಇರಬೇಕೆಂದುಕೊಂಡೆವು ಎಂದರಂತೆ. ಪ್ರಯೋಗಕ್ಕೆ ಬಂದವರು ಇಲ್ಲಿ ಏನು ನಡೆಯುತ್ತಿದೆ ಎಂದು ಊಹಿಸುತ್ತಾರೆ, ಊಹೆಗೆ ತಕ್ಕಂತೆ ಸಹಕರಿಸುತ್ತಾರೆ. ಹಾಗಾಗಿ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ: “ಮುಗಿದ ಮೇಲೆ ಅವರನ್ನು ಕೂರಿಸಿಕೊಂಡು, ಇದು ಯಾವುದರ ಬಗ್ಗೆ ಎಂದುಕೊಂಡಿರಿ ಎಂದು ಕೇಳಿದಿರಾ?” ಹೆಚ್ಚಿನವರು ಗೈಡ್ ಮುಖ ನೋಡುತ್ತಾರೆ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ, ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ಅಳತೆಯಲ್ಲಿ ದೋಷ ಇದ್ದೇ ಇರುತ್ತದೆ, ಆ ದೋಷವನ್ನೇ ಮೊದಲು ಅಳೆಯಿರಿ ಎಂದು 1904ರಷ್ಟು ಹಿಂದೆಯೇ ತೋರಿಸಿದವರು ಸ್ಪಿಯರ್‌ಮನ್. ಹೀಗೆ ನೋಡಿದರೆ ಅವರು ನಮಗೆ ಅಜ್ಜಮೇಷ್ಟ್ರು. ಅವರ ಮೊಮ್ಮಕ್ಕಳ ರೆಕಾರ್ಡ್ ಪುಸ್ತಕಗಳಲ್ಲಿ ಮಾತ್ರ ದೋಷವೇ ಇರುವುದಿಲ್ಲ. ಬಾಹ್ಯ ಪರೀಕ್ಷಕನಾಗಿ ಹೋದಾಗ ನೋಡಿದ್ದೇನೆ: ಮೂವತ್ತು ಪುಸ್ತಕಗಳಲ್ಲಿ ಮೂವತ್ತು ಕಲಿಕೆಯ ರೇಖೆಗಳು (ಸಲ ಸಲಕ್ಕೂ ತಪ್ಪು ಎಷ್ಟೆಂದು ತೋರಿಸುವ ಗ್ರಾಫ್), ಎಲ್ಲವೂ ಜಾರುಬಂಡೆಯಂತೆ ನುಣುಪಾಗಿ ಇಳಿಯುತ್ತವೆ. ಫಲಿತಾಂಶ ಪುಸ್ತಕದಂತೆ ಬಾರದಿದ್ದರೆ ಅಂಕ ಕಳೆಯುವವರು ನಾವೇ. ಮಕ್ಕಳನ್ನು ಬೈದು ಏನು ಪ್ರಯೋಜನ?

ಆ ವಿದ್ಯಾರ್ಥಿನಿಗೆ ನಾನು ಹೇಳಿದ ಉಪಾಯಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹತ್ತೂ ಹಾಳೆಗಳ ಕ್ರಮಸಂಖ್ಯೆಯನ್ನು ಹಿಂಬದಿಗೆ ಬರೆ. ಮುಂಬದಿಯಲ್ಲಿ ಏನೂ ಇರಬಾರದು. ಕೆಂಪು ಗುರುತುಗಳಿಲ್ಲದ ನಕಲು ಪ್ರತಿ ತೆಗೆಸು. ಇಸ್ಪೀಟು ಕಲಸುವಂತೆ ಕಲಸು. ‘ಗೆರೆಗೆ ತಾಗಿದರೂ ತಪ್ಪು’ ಎಂಬ ನಿಯಮವನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟು, ಈ ಪ್ರಯೋಗ ಏನೆಂದೇ ತಿಳಿಯದವರಿಂದ ಎಣಿಸು. ಕೆಂಪು ಗುರುತು ಹಾಕಿದ ಹಾಳೆಗಳು ಹೇಗೂ ಕೆಟ್ಟಿದ್ದವು, ನಕಲು ತೆಗೆಸಿ ಪ್ರಯೋಜನವಿಲ್ಲ ಎಂದು ಅವಳೇ ತಿದ್ದಿದಳು. ಮರುದಿನ ಹೊಸಬನೊಬ್ಬನನ್ನು ಕೂರಿಸಿ ಹತ್ತು ಹಾಳೆ ಮಾಡಿಸಿದಳು. ವಾಣಿಜ್ಯ ವಿಭಾಗದ ಗೆಳತಿಯೊಬ್ಬಳು ಕ್ಯಾಂಟೀನಿನಲ್ಲಿ ಕುಳಿತು ಎಣಿಸಿಕೊಟ್ಟಳು.

ರೇಖೆ ಇಳಿದಿತ್ತು. ಆದರೆ ಆರನೆಯ ಹಾಳೆಯ ಹತ್ತಿರ ಗೂನು ಎದ್ದಿತ್ತು, ನಾಲ್ಕನೆಯದಕ್ಕಿಂತ ಆರನೆಯದರಲ್ಲಿ ತಪ್ಪು ಜಾಸ್ತಿ. ಗ್ರಾಫ್ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ನಿಂತಳು.

“ಸರ್, ರೆಕಾರ್ಡಿನಲ್ಲಿ ಇದನ್ನೇ ಬರೆಯಲೇ, ಅಥವಾ ಪರೀಕ್ಷೆಗೆ ಹೊರಗಿನಿಂದ ಯಾರು ಬರುತ್ತಾರೆ ಎಂದು ಗೊತ್ತಾದ ಮೇಲೆ ಬರೆಯಲೇ?”