ಸ್ತಂಭಾಲೇಖ: ಮೊದಲು ಪ್ರಮಾಣ, ಆಮೇಲೆ ಕಂಬ

ಸ್ತಂಭಾಲೇಖ, ಅಂದರೆ ಬೆಲೆಗಳನ್ನು ಕಂಬಗಳ ಎತ್ತರದಿಂದ ತೋರಿಸುವ ಚಿತ್ರ, ಕಂಡೊಡನೆ ಕಣ್ಣು ಓಡುವುದು ಎಲ್ಲಕ್ಕಿಂತ ಎತ್ತರದ ಕಂಬದ ಕಡೆಗೆ. ಅದನ್ನು ತಡೆದು ಮೊದಲು ಶೀರ್ಷಿಕೆ, ಎರಡೂ ಅಕ್ಷಗಳ ಹೆಸರು, ಮೂಲೆಯಲ್ಲಿ ಬರೆದಿರುವ ಪ್ರಮಾಣ ಇವುಗಳನ್ನು ಓದಬೇಕು. ‘1 ಸೆಂ.ಮೀ. = 50 ವಿದ್ಯಾರ್ಥಿಗಳು’ ಎಂಬ ಸಾಲು ಕಣ್ತಪ್ಪಿದರೆ 4 ಸೆಂ.ಮೀ. ಎತ್ತರದ ಕಂಬ 200ರ ಬದಲು 40 ಎಂದೋ 4 ಎಂದೋ ಓದಿಸಿಕೊಳ್ಳುತ್ತದೆ. ಮುಂದಿನ ಕೂಡುವಿಕೆ, ಕಳೆಯುವಿಕೆ ಎಷ್ಟೇ ಸರಿಯಿದ್ದರೂ ಉತ್ತರ ಹಳ್ಳ ಹಿಡಿದಂತೆಯೇ.

ಪ್ರಮಾಣವನ್ನು ಆರಿಸುವುದು ಹೇಗೆ ಎಂಬುದನ್ನು ನಿಜವಾದ ದತ್ತಾಂಶದಲ್ಲಿಯೇ ನೋಡೋಣ. ಸೂರ್ಯನಿಗೆ ಹತ್ತಿರವಿರುವ ನಾಲ್ಕು ಗ್ರಹಗಳ ವ್ಯಾಸ, ಹತ್ತಿರದ ನೂರಕ್ಕೆ ಸರಿಹೊಂದಿಸಿದಾಗ, ಹೀಗಿದೆ: ಬುಧ 4,900 ಕಿ.ಮೀ., ಶುಕ್ರ 12,100 ಕಿ.ಮೀ., ಭೂಮಿ 12,800 ಕಿ.ಮೀ., ಮಂಗಳ 6,800 ಕಿ.ಮೀ. ಆಲೇಖಕ್ಕೆ 8 ಸೆಂ.ಮೀ. ಎತ್ತರದ ಜಾಗವಿದೆ ಎಂದುಕೊಳ್ಳಿ. ಅತಿ ದೊಡ್ಡ ಬೆಲೆಯನ್ನು ಈ ಎತ್ತರದಿಂದ ಭಾಗಿಸಬೇಕು: 12,800 ÷ 8 = 1,600. ಅಂದರೆ 1 ಸೆಂ.ಮೀ.ಗೆ ಕನಿಷ್ಠ 1,600 ಕಿ.ಮೀ. ಬೇಕು. ಇದಕ್ಕಿಂತ ಕಡಿಮೆ ತೆಗೆದುಕೊಂಡರೆ ಭೂಮಿಯ ಕಂಬ ಜಾಗ ಮೀರಿ ಮೇಲೆ ಹೋಗುತ್ತದೆ. ಹಾಗೆಂದು 1,600ನ್ನೇ ಇಟ್ಟುಕೊಂಡರೆ ಗ್ರಾಫ್ ಹಾಳೆಯ ಪ್ರತಿ ಮಿಲಿಮೀಟರಿಗೆ 160 ಕಿ.ಮೀ. ಆಗಿ ಪ್ರತಿಯೊಂದು ಕಂಬಕ್ಕೂ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಮೇಲಿನ ಸುಲಭ ಸಂಖ್ಯೆಗೆ ಏರಿಸಿ 1 ಸೆಂ.ಮೀ. = 2,000 ಕಿ.ಮೀ. ಎಂದು ಇಡೋಣ. ಈಗ 1 ಮಿ.ಮೀ. ಅಂದರೆ 200 ಕಿ.ಮೀ. ಬುಧನ ಕಂಬ 24.5 ಮಿ.ಮೀ., ಶುಕ್ರನದು 60.5, ಭೂಮಿಯದು 64, ಮಂಗಳನದು 34. ಈ ಎತ್ತರಗಳನ್ನು ದತ್ತಾಂಶದ ಪಟ್ಟಿಯ ಪಕ್ಕದಲ್ಲೇ ಒಂದು ಕಾಲಂ ಮಾಡಿ ಬರೆದಿಟ್ಟುಕೊಂಡು ಆಮೇಲೆ ಸ್ಕೇಲು ಹಿಡಿಯಿರಿ. ಎಳೆಯುತ್ತಾ ಲೆಕ್ಕ ಹಾಕುವ ಅಭ್ಯಾಸ ಒಳ್ಳೆಯದಲ್ಲ.

ಈಗ ಐದನೆಯದಾಗಿ ಗುರುವನ್ನು ಸೇರಿಸಿ. ಅದರ ವ್ಯಾಸ ಸುಮಾರು 1,43,000 ಕಿ.ಮೀ. ಇದೇ ಪ್ರಮಾಣದಲ್ಲಿ ಕಂಬದ ಎತ್ತರ 71.5 ಸೆಂ.ಮೀ.! ಅಷ್ಟು ಉದ್ದದ ಹಾಳೆಯನ್ನು ಎಲ್ಲಿಂದ ತರುವುದು? 1 ಸೆಂ.ಮೀ. = 10,000 ಕಿ.ಮೀ. ಎಂದು ಬದಲಿಸಿದರೆ ಗುರು 14.3 ಸೆಂ.ಮೀ.ಗೆ ಇಳಿಯುತ್ತದೆ, ಆದರೆ ಬುಧ 5 ಮಿ.ಮೀ.ಯಷ್ಟೂ ಉಳಿಯುವುದಿಲ್ಲ. ಶುಕ್ರ ಮತ್ತು ಭೂಮಿಯ ಕಂಬಗಳ ನಡುವಿನ ವ್ಯತ್ಯಾಸವಂತೂ ಒಂದು ಮಿಲಿಮೀಟರಿಗಿಂತ ಕಡಿಮೆ, ಪೆನ್ಸಿಲ್ ಗೆರೆಯ ದಪ್ಪದಲ್ಲೇ ಅದು ಮುಚ್ಚಿಹೋದೀತು. ದೊಡ್ಡದನ್ನು ಹಿಡಿಸಲು ಹೋದರೆ ಸಣ್ಣವುಗಳ ನಡುವಿನ ಭೇದ ಕಳೆದುಹೋಗುತ್ತದೆ. ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದನ್ನು ನೋಡಿಕೊಂಡೇ ಪ್ರಮಾಣವನ್ನು ಆರಿಸಬೇಕಾಗುವುದು ಇದಕ್ಕೇ.

ಇನ್ನು ಸೊನ್ನೆಯ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸುವುದು ಒಳ್ಳೆಯದು. ಜಾಗ ಉಳಿಸಲು ಯಾರೋ ಲಂಬ ಅಕ್ಷವನ್ನು 0ಯಿಂದಲ್ಲ, 4,000ದಿಂದ ಶುರು ಮಾಡಿದರು ಎನ್ನಿ. ಆಗ ಬುಧನ ಕಂಬದಲ್ಲಿ ಉಳಿಯುವುದು 900 ಕಿ.ಮೀ.ಯಷ್ಟು ಎತ್ತರ, ಭೂಮಿಯದರಲ್ಲಿ 8,800. ಭೂಮಿ ಬುಧನಿಗಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಅಗಲ ಎಂದು ಕಣ್ಣು ತೀರ್ಮಾನಿಸಿಬಿಡುತ್ತದೆ. ನಿಜವಾಗಿ ಅದು ಸುಮಾರು 2.6 ಪಟ್ಟು ಮಾತ್ರ. ಗಮನಿಸಿ: ಇಂಥ ಆಲೇಖದಲ್ಲೂ ‘ಎಷ್ಟು ಹೆಚ್ಚು’ ಎಂಬ ಪ್ರಶ್ನೆಗೆ ಸರಿಯುತ್ತರವೇ ಸಿಗುತ್ತದೆ. 8,800ರಲ್ಲಿ 900 ಕಳೆದರೂ 7,900, 12,800ರಲ್ಲಿ 4,900 ಕಳೆದರೂ 7,900. ಕೆಡುವುದು ‘ಎಷ್ಟು ಪಟ್ಟು’ ಎಂಬುದು. ಜಾಹೀರಾತಿನಲ್ಲೋ ಸುದ್ದಿಯಲ್ಲೋ ಒಂದು ಕಂಬ ಇನ್ನೊಂದನ್ನು ತೀರಾ ಕುಬ್ಜವಾಗಿಸಿದ್ದರೆ ಮೊದಲು ಅಕ್ಷದ ಬುಡದಲ್ಲಿ ಯಾವ ಸಂಖ್ಯೆ ಇದೆ ನೋಡಿ.

ಇದಕ್ಕೆ ಹೊಂದಿಕೊಂಡ ಇನ್ನೊಂದು ತೊಡಕಿದೆ, ಪಾಠಗಳಲ್ಲಿ ಇದರ ಮಾತು ಅಷ್ಟಾಗಿ ಬರುವುದಿಲ್ಲ. 10 ಡಿಗ್ರಿ ಸೆಲ್ಸಿಯಸ್ ಮತ್ತು 20 ಡಿಗ್ರಿ ಸೆಲ್ಸಿಯಸ್‌ಗೆ ಸೊನ್ನೆಯಿಂದಲೇ ಕಂಬ ಎಳೆದರೂ ಎರಡನೆಯ ದಿನ ಎರಡು ಪಟ್ಟು ಬಿಸಿ ಎನ್ನುವಂತಿಲ್ಲ. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಬಿಂದು. ‘ಉಷ್ಣತೆ ಏನೂ ಇಲ್ಲ’ ಎಂದು ಅದರ ಅರ್ಥವಲ್ಲ. ಇಂಥ ದತ್ತಾಂಶಕ್ಕೆ ಬಿಂದುಗಳನ್ನು ಗೆರೆಯಿಂದ ಜೋಡಿಸುವ ರೇಖಾಲೇಖವೇ ವಾಸಿ ಎಂದು ನನ್ನ ಅಭಿಪ್ರಾಯ.

ಕಂಬಗಳ ಅಗಲ ಎಷ್ಟಾದರೂ ಇರಬಹುದು, ಎಲ್ಲಕ್ಕೂ ಒಂದೇ ಇರಬೇಕು, ಅಷ್ಟೆ. ಒಂದನ್ನು ಅಗಲ ಮಾಡಿದರೆ ಕಣ್ಣು ಎತ್ತರವನ್ನು ಬಿಟ್ಟು ವಿಸ್ತೀರ್ಣವನ್ನು ಹೋಲಿಸತೊಡಗುತ್ತದೆ. ನಡುವಿನ ಅಂತರವೂ ಸಮನಾಗಿರಲಿ. ಬುಧ, ಶುಕ್ರ ಬೇರೆ ಬೇರೆ ಹೆಸರುಗಳು, ಅವುಗಳ ಮಧ್ಯೆ ಏನೂ ಇಲ್ಲ, ಹಾಗಾಗಿ ಅಲ್ಲಿ ಖಾಲಿ ಜಾಗ. 0–10, 10–20 ಎಂದು ಒಂದಕ್ಕೊಂದು ತಾಗಿಕೊಂಡಿರುವ ವರ್ಗಾಂತರಗಳಿದ್ದರೆ (ಸಂಖ್ಯೆಗಳ ಗುಂಪುಗಳಿದ್ದರೆ) ಕಂಬಗಳೂ ತಾಗಿಕೊಳ್ಳುತ್ತವೆ. ಆಗ ಅದು ಹಿಸ್ಟೋಗ್ರಾಂ. ಒಂದೊಂದು ಹೆಸರಿಗೂ ಎರಡೆರಡು ಕಂಬಗಳಿರುವ ಜೋಡಿ ಸ್ತಂಭಾಲೇಖದಲ್ಲಿ ಯಾವ ಬಣ್ಣ ಯಾವುದಕ್ಕೆ ಎಂಬ ಸೂಚಿಯನ್ನು ಬರೆಯದಿದ್ದರೆ ಓದುವವರಿಗೆ ಆ ಚಿತ್ರ ಬರೀ ಅಲಂಕಾರ.

1786ರಲ್ಲಿ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು ತನ್ನ ದೇಶದ ಆಮದು ರಫ್ತುಗಳನ್ನು ಹೀಗೆ ಜೋಡಿ ಪಟ್ಟಿಗಳಲ್ಲಿಯೇ ತೋರಿಸಿದ್ದ. ವರ್ಷದಿಂದ ವರ್ಷಕ್ಕೆ ಗೆರೆ ಎಳೆದು ತೋರಿಸಲು ಅವನ ಬಳಿ ಹಲವು ವರ್ಷಗಳ ಅಂಕಿ ಅಂಶ ಇರಲಿಲ್ಲ, ಇದ್ದದ್ದು ಒಂದೇ ವರ್ಷದ್ದು. ಆದ್ದರಿಂದ ಒಂದೊಂದು ಪ್ರದೇಶಕ್ಕೂ ಅಡ್ಡ ಪಟ್ಟಿಗಳನ್ನು ಎಳೆದ. ಪಟ್ಟಿ ಮಲಗಿದ್ದರೂ ನಿಂತಿದ್ದರೂ ನಿಯಮ ಒಂದೇ. ವರ್ಗಗಳ ಹೆಸರು ಉದ್ದವಾಗಿದ್ದಾಗ ಮಲಗಿಸುವುದೇ ಅನುಕೂಲ.

ಅಭ್ಯಾಸಕ್ಕೆ ಉಳಿದ ಮೂರು ಗ್ರಹಗಳು: ಶನಿ 1,20,500 ಕಿ.ಮೀ., ಯುರೇನಸ್ 51,100 ಕಿ.ಮೀ., ನೆಪ್ಚೂನ್ 49,500 ಕಿ.ಮೀ. ಗುರುವಿನ ಜೊತೆಗೆ ಇವಕ್ಕೂ 1 ಸೆಂ.ಮೀ. = 10,000 ಕಿ.ಮೀ. ಪ್ರಮಾಣದಲ್ಲಿ ಕಂಬ ಎಳೆಯಿರಿ. ಶನಿ ಸುಮಾರು 12 ಸೆಂ.ಮೀ., ಯುರೇನಸ್ 5.1, ನೆಪ್ಚೂನ್ 5ಕ್ಕೆ ಕೂದಲೆಳೆಯಷ್ಟು ಕಡಿಮೆ ಬರಬೇಕು. ಬಂದ ಮೇಲೆ ಎರಡು ಪ್ರಶ್ನೆಗಳಿಗೆ ಕಂಬಗಳನ್ನು ಮಾತ್ರ ನೋಡಿ ಉತ್ತರಿಸಿ: ಗುರು ಶನಿಗಿಂತ ಎಷ್ಟು ಕಿ.ಮೀ. ದೊಡ್ಡದು? ಶನಿ ಯುರೇನಸ್‌ನ ಎಷ್ಟು ಪಟ್ಟು?