ಬ್ಯಾಕಪ್ ಇದೆ, ಸರಿ. ರಿಸ್ಟೋರ್ ಆಗುತ್ತದೆಯೇ?

2017ರ ಜನವರಿ 31ರ ರಾತ್ರಿ, ಪ್ರೋಗ್ರಾಮರುಗಳ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಕೈಕೊಟ್ಟಿದ್ದ ನಕಲು ಸರ್ವರಿನ ಡೇಟಾ ಫೋಲ್ಡರನ್ನು ಅಳಿಸಲು ಹೋಗಿ ಮುಖ್ಯ ಸರ್ವರಿನದನ್ನೇ ಅಳಿಸಿದರು. ತಪ್ಪು ಗೊತ್ತಾಗಿ ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5 ಗಿಗಾಬೈಟ್.

ಬ್ಯಾಕಪ್ ವ್ಯವಸ್ಥೆಗಳೇನೋ ಹಲವು ಇದ್ದವು. ದಿನಕ್ಕೊಮ್ಮೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡಂಪ್ (ಎಲ್ಲ ಡೇಟಾವನ್ನು ಫೈಲಾಗಿ ಬರೆದ ಪ್ರತಿ) ತೆಗೆದು ಅಮೆಜಾನಿನ ಆನ್‌ಲೈನ್ ಸಂಗ್ರಹವಾದ ಎಸ್3ಗೆ ಕಳಿಸಬೇಕಿತ್ತು. ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸ್ 9.6ನೇ ಆವೃತ್ತಿಯದು, ಡಂಪ್ ತೆಗೆಯುವ ಪ್ರೋಗ್ರಾಂ 9.2ರದು. ತನಗಿಂತ ಹೊಸ ಸರ್ವರಿನಿಂದ ಡಂಪ್ ತೆಗೆಯಲು ಅದು ಒಪ್ಪುವುದಿಲ್ಲ, ಹಾಗಾಗಿ ದೋಷ ತೋರಿಸಿ ನಿಂತುಬಿಡುತ್ತಿತ್ತು. ಆ ದೋಷ ತಿಳಿಸುವ ಮೇಲ್‌ಗಳಿಗೆ ಡಿಜಿಟಲ್ ಸಹಿ ಇಲ್ಲವೆಂದು ಮೇಲ್ ವ್ಯವಸ್ಥೆ ಅವನ್ನು ತಿರಸ್ಕರಿಸುತ್ತಿತ್ತು. ಡಿಸ್ಕ್ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಡಿಸ್ಕಿನ ಪಡಿಯಚ್ಚು) ಸೌಲಭ್ಯವನ್ನು ಡೇಟಾಬೇಸ್ ಸರ್ವರುಗಳಿಗೆ ಹಚ್ಚಿರಲೇ ಇಲ್ಲ. ಬೇರೊಂದು ಪ್ರಯೋಗಕ್ಕೆಂದು ಸುಮಾರು 6 ಗಂಟೆ ಮೊದಲು ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟ್ ಒಂದು ಕಾಪಾಡಿತು. ಅದನ್ನು ನಿಧಾನದ ಡಿಸ್ಕಿನಿಂದ ನಕಲಿಸಲು ಸುಮಾರು 18 ಗಂಟೆ ಹಿಡಿಯಿತು. ನಡುವಿನ 6 ಗಂಟೆಗಳ ಬದಲಾವಣೆಗಳು ಹೋದವು.

ಬ್ಯಾಕಪ್ ಪ್ರೋಗ್ರಾಂ ‘ಯಶಸ್ವಿ’ ಎಂದರೆ ಬರೆಯುವ ಕೆಲಸ ಮುಗಿಯಿತು ಎಂದಷ್ಟೇ. ಬರೆದದ್ದನ್ನು ಓದಿ ಮತ್ತೆ ಕಟ್ಟಲು, ಅಂದರೆ ರಿಸ್ಟೋರ್ ಮಾಡಲು, ಆಗುತ್ತದೆಯೇ ಎಂಬುದು ಅದಕ್ಕೆ ತಿಳಿಯದು. ಕೆಲವೊಮ್ಮೆ ಬರೆದದ್ದೂ ಸುಳ್ಳೇ. ಡಂಪ್ ಪ್ರೋಗ್ರಾಮಿನ ಫಲವನ್ನು ಪೈಪ್ ಮೂಲಕ, ಅಂದರೆ ನೇರವಾಗಿ, ಫೈಲ್ ಕುಗ್ಗಿಸುವ ಜಿಜಿಪ್ ಪ್ರೋಗ್ರಾಮಿಗೆ ಕೊಡುವುದು ಎಲ್ಲೆಡೆ ಕಾಣುವ ರೂಢಿ. ಡಂಪ್ ಸೋತು ಏನೂ ಕೊಡದಿದ್ದರೂ ಜಿಜಿಪ್ ಆ ಖಾಲಿಯನ್ನೇ ಕುಗ್ಗಿಸಿ 20 ಬೈಟಿನ ಫೈಲ್ ಬರೆಯುತ್ತದೆ, ಈ ಆದೇಶಗಳನ್ನು ನಡೆಸುವ ಶೆಲ್ ಕೊನೆಯ ಪ್ರೋಗ್ರಾಮಿನ ಫಲಿತಾಂಶ ನೋಡಿ ಎಲ್ಲವೂ ಸರಿ ಎನ್ನುತ್ತದೆ. ಬ್ಯಾಷ್ ಎಂಬ ಶೆಲ್ಲಿನ ಸ್ಕ್ರಿಪ್ಟಿನಲ್ಲಿ ‘ಪೈಪ್‌ಫೇಲ್’ ಆಯ್ಕೆ ಹಾಕಿದರೆ ಈ ಒಂದು ಮೋಸ ತಪ್ಪುತ್ತದೆ. ಬ್ಯಾಕಪ್ ವಿಫಲವಾದಾಗ ಎಚ್ಚರಿಕೆಯ ಮೇಲ್ ಬರುವ ಬದಲು, ನಿಗದಿತ ಹೊತ್ತಿಗೆ ‘ಆಯಿತು’ ಎಂಬ ಸುದ್ದಿ ಬಾರದಿದ್ದಾಗ ಬೇರೊಂದು ಯಂತ್ರವೇ ಕೂಗುವಂತಿರಲಿ.

ಚೆಕ್‌ಸಮ್ (ಫೈಲಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಬೇಕೇ ಬೇಕು, ಆದರೆ ಫೈಲ್ ಬರೆದ ಮೇಲೆ ಬದಲಾಗಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ. ಅರ್ಧಕ್ಕೆ ನಿಂತ ಡಂಪಿಗೂ ಎಸ್‌ಎಚ್‌ಎ-256 ವಿಧಾನದ ಚೆಕ್‌ಸಮ್ ಚೆನ್ನಾಗಿಯೇ ಹೊಂದುತ್ತದೆ. ಡಂಪನ್ನು ಮತ್ತೆ ತುಂಬುವ ಪೋಸ್ಟ್‌ಗ್ರೆಸ್ಸಿನ ಪ್ರೋಗ್ರಾಂ ಪಿಜಿ-ರಿಸ್ಟೋರ್‌ಗೆ ಪಟ್ಟಿ ತೋರಿಸು ಎಂದರೂ ಅದು ಓದುವುದು ಡಂಪಿನ ಪರಿವಿಡಿಯನ್ನು, ಒಳಗಿನ ಡೇಟಾವನ್ನಲ್ಲ.

ಆದ್ದರಿಂದ ಖಾಲಿ ಯಂತ್ರವೊಂದರಲ್ಲಿ ನಿಜವಾಗಿ ರಿಸ್ಟೋರ್ ಮಾಡಿಯೇ ನೋಡಬೇಕು. ಮೊದಲ ಕೆಲಸ, ಆ ಯಂತ್ರವನ್ನು ಹೊರಗಿನ ನೆಟ್‌ವರ್ಕಿನಿಂದ ಬೇರ್ಪಡಿಸುವುದು. ಇಲ್ಲವಾದರೆ ರಿಸ್ಟೋರ್ ಆದ ಅಪ್ಲಿಕೇಶನ್ ತಾನೇ ಅಸಲಿ ಎಂದುಕೊಂಡು ಬಾಕಿ ಇದ್ದ ಎಸ್‌ಎಂಎಸ್, ಬಿಲ್‌ಗಳನ್ನು ಗ್ರಾಹಕರಿಗೆ ಎರಡನೇ ಸಲ ಕಳಿಸಿಬಿಡುತ್ತದೆ. ಎರಡನೆಯದು, ಹಳೆಯ ಸರ್ವರನ್ನು ಮುಟ್ಟದಿರುವುದು. ಅದು ಸುಟ್ಟುಹೋಗಿದೆ ಎಂದೇ ಲೆಕ್ಕ. ಅಡಗಿದ್ದ ಕೊರತೆಗಳು ಹೊರಬರುವುದು ಇಲ್ಲಿಯೇ. ಎನ್‌ಕ್ರಿಪ್ಟ್ ಮಾಡಿದ ಬ್ಯಾಕಪ್ಪಿನ ಪಾಸ್‌ವರ್ಡ್ ಅದೇ ಸರ್ವರಿನಲ್ಲಿ ಮಾತ್ರ ಇತ್ತು ಎಂದಾದರೆ ಬ್ಯಾಕಪ್ ಇಲ್ಲವೆಂದೇ ಅರ್ಥ. ಪೋಸ್ಟ್‌ಗ್ರೆಸ್ಸಿನ ಡಂಪ್ ಪ್ರೋಗ್ರಾಂ ಪಿಜಿ-ಡಂಪ್ ಒಂದು ಡೇಟಾಬೇಸನ್ನಷ್ಟೇ ತೆಗೆಯುತ್ತದೆ, ಬಳಕೆದಾರರ ಖಾತೆಗಳನ್ನಲ್ಲ; ಅವಕ್ಕೆ ಪಿಜಿ-ಡಂಪಾಲ್ ಬೇಕು. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿನ ಡಂಪಿನಲ್ಲಿ ಸ್ಟೋರ್ಡ್ ಪ್ರೊಸೀಜರುಗಳು (ಡೇಟಾಬೇಸಿನೊಳಗೇ ಇಟ್ಟ ಕಿರು ಪ್ರೋಗ್ರಾಂಗಳು), ನಿಗದಿತ ಈವೆಂಟುಗಳು ಬರಬೇಕಾದರೆ ಹೇಳಿಯೇ ಕೇಳಬೇಕು.

ಡೇಟಾ ತುಂಬಿದ ಮೇಲೆ ಪರಿಶೀಲನೆ. ಬ್ಯಾಕಪ್ ಹೊತ್ತಿನಲ್ಲಿ ಮುಖ್ಯ ಟೇಬಲ್‌ಗಳ ಸಾಲುಗಳನ್ನು ಎಣಿಸಿ ಬರೆದಿಟ್ಟುಕೊಂಡಿದ್ದರೆ ಈಗ ಹೋಲಿಸಬಹುದು. ತೀರ ಇತ್ತೀಚಿನ ದಾಖಲೆಯ ದಿನಾಂಕ ನೋಡಿ: ಎರಡು ತಿಂಗಳು ಹಳೆಯದಾದರೆ ಆಗಿನಿಂದಲೂ ಒಂದೇ ಹಳೆಯ ಫೈಲ್ ನಕಲಾಗುತ್ತಿದೆ. ಸಾಮಾನ್ಯ ಬಳಕೆದಾರರಂತೆ ಲಾಗಿನ್ ಆಗಿ, ಅರ್ಜಿಯೊಂದಕ್ಕೆ ಲಗತ್ತಿಸಿದ ಪಿಡಿಎಫ್ ತೆರೆಯಿರಿ. ಡೇಟಾಬೇಸಿನಲ್ಲಿ ಫೈಲಿನ ಹೆಸರು ಇದ್ದು, ಫೈಲುಗಳ ಫೋಲ್ಡರ್ ಬ್ಯಾಕಪ್ಪಿಗೇ ಸೇರಿಲ್ಲದಿರುವುದು ತುಂಬ ಸಾಮಾನ್ಯ.

ಕನ್ನಡದ ಹೆಸರೊಂದನ್ನು ಹುಡುಕುವುದಂತೂ ನಮ್ಮಲ್ಲಿ ಕಡ್ಡಾಯವಾಗಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಡಂಪ್ ತೆಗೆದ ಸಂಪರ್ಕ, ಕನ್ನಡ ಅಕ್ಷರಗಳೇ ಇಲ್ಲದ ಲ್ಯಾಟಿನ್-1 ಸಂಕೇತದಲ್ಲಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಫೈಲಿನಲ್ಲಿ ದಾಖಲಾಗಿರುತ್ತವೆ. ಮೂಲ ಹೋದ ಮೇಲೆ ಅವನ್ನು ಯಾರೂ ತಿದ್ದಲಾರರು. ಯೂನಿಕೋಡಿಗೆ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳ ಕಥೆ ಬೇರೆ. ಡೇಟಾ ಪೂರ್ತಿ ಬಂದಿರುತ್ತದೆ, ಆದರೆ ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟ್ ಫೈಲುಗಳೂ ಬ್ಯಾಕಪ್ಪಿನಲ್ಲಿರಲಿ.

ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಗಡಿಯಾರ ನೋಡಿ ಬರೆದುಕೊಳ್ಳಿ. ಸೆಕೆಂಡಿಗೆ 100 ಮೆಗಾಬಿಟ್ ಸಂಪರ್ಕದಲ್ಲಿ 1 ಟೆರಾಬೈಟ್ ಇಳಿಸಲು, ಲೈನ್ ಪೂರ್ತಿ ಸಿಕ್ಕರೂ, 22 ಗಂಟೆ ಬೇಕು. ಡಂಪಿನಲ್ಲಿ ಇಂಡೆಕ್ಸ್‌ಗಳ (ಬೇಗ ಹುಡುಕಲು ಇರುವ ಸೂಚಿಗಳ) ವಿವರಣೆ ಮಾತ್ರ ಇರುವುದರಿಂದ ಅವನ್ನು ಹೊಸದಾಗಿ ಕಟ್ಟುವ ಸಮಯ ಇದರ ಮೇಲೆ. ಕಸ್ಟಮ್ ಅಥವಾ ಡೈರೆಕ್ಟರಿ ಮಾದರಿಯ ಡಂಪ್ ಆದರೆ ಪಿಜಿ-ರಿಸ್ಟೋರ್ ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುತ್ತದೆ. ಬರೀ ಎಸ್‌ಕ್ಯೂಎಲ್ ಪಠ್ಯವಾದರೆ ಆ ಅನುಕೂಲವಿಲ್ಲ. ಕಚೇರಿ ಒಂದು ದಿನ ಮುಚ್ಚಿದ್ದರೆ ನಡೆಯುತ್ತದೆಯೇ ಎಂಬುದನ್ನು ಈ ಅಂಕಿ ಕೈಯಲ್ಲಿಟ್ಟುಕೊಂಡು ಮಾತಾಡಬೇಕು.

ಡೇಟಾಬೇಸಿಗೆ ತಿಂಗಳಿಗೊಮ್ಮೆ, ಆವೃತ್ತಿ ಬದಲಾದಾಗಲೆಲ್ಲ ತಪ್ಪದೆ ಈ ಪರೀಕ್ಷೆ ಮಾಡಿ. ರೆಸ್ಟಿಕ್ ಎಂಬ ಬ್ಯಾಕಪ್ ಪ್ರೋಗ್ರಾಂ ಬಳಸುವವರು ದಿನವೂ ಸಂಗ್ರಹದ ಶೇ. 5ರಷ್ಟನ್ನು ಓದಿ ತಾಳೆ ನೋಡುವಂತೆ ಅದರ ‘ಚೆಕ್’ ಆದೇಶಕ್ಕೆ ಹೇಳಬಹುದು. ಡಿಸ್ಕ್ ಹಾಳಾಗುತ್ತಿದ್ದರೆ ಬೇಗ ತಿಳಿಯುತ್ತದೆ, ಪೂರ್ತಿ ರಿಸ್ಟೋರಿಗೆ ಮಾತ್ರ ಇದು ಬದಲಿಯಲ್ಲ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ ಚಾಲ್ತಿಯಲ್ಲಿರುವ ಡೇಟಾ ಫೋಲ್ಡರಿನ ಮೇಲೆ ಎಂದಿಗೂ ಪರೀಕ್ಷೆ ಬೇಡ. ಬೇರೆ ಕಂಪ್ಯೂಟರಿನಲ್ಲಿ ಹೊಸ ಫೋಲ್ಡರಿಗೆ ರಿಸ್ಟೋರ್ ಮಾಡಿ, ಬ್ಯಾಕಪ್ ತೆಗೆದ ದಿನದ ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಒಂದೇ ಇದೆಯೇ ನೋಡಿ. ಕೆಲಸ ಮುಗಿದ ಮೇಲೆ ಆ ಪ್ರತಿಯನ್ನು ಅಳಿಸಲು ಮರೆಯಬೇಡಿ; ಅದರಲ್ಲಿರುವುದು ಗ್ರಾಹಕರ ನಿಜವಾದ ಹೆಸರು, ಫೋನ್ ನಂಬರು, ಬಾಕಿ ಮೊತ್ತ.